ಸಾಯಬೇಕಿದ್ದ ಯೀಸ್ಟ್

ನಾನು ಯಾರ ಸಾವನ್ನೂ ಬಯಸಿದವಳಲ್ಲ. ಸಿಟ್ಟು ಬಂದರೆ ಬಾಯಿಗೆ ಬಂದದ್ದು ಆಡಿಬಿಡುತ್ತೇನೆ, ಅರ್ಧ ಗಂಟೆಯಲ್ಲಿ ಮರೆತೂ ಬಿಡುತ್ತೇನೆ. ಅಷ್ಟರ ಮಟ್ಟಿಗೆ ನಾನು ನಮ್ಮಮ್ಮನ ಮಗಳು. ಆದರೆ ಆ ವರ್ಷದ ಮೇ ತಿಂಗಳಲ್ಲಿ ಸುಮಾರು ಹದಿನೈದು ದಿನ, ಬೆಳಿಗ್ಗೆ ಎದ್ದು ದೇವರ ಮುಂದೆ ನಿಂತಾಗ ನಾನು ಕೇಳಿಕೊಳ್ಳುತ್ತಿದ್ದದ್ದು ಒಂದೇ: ಅದು ಇವತ್ತಾದರೂ ಸಾಯಲಿ. ಅದು ಎಂದರೆ ಯೀಸ್ಟ್. ಬ್ರೆಡ್ಡು ಉಬ್ಬಿಸಲು ಹಾಕುತ್ತಾರಲ್ಲ, ಅದೇ ಯೀಸ್ಟ್.

ಆಗ ನಾನು ಬ್ರಹ್ಮಾವರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಮನೆ ಬಿಜೂರಿನಲ್ಲಿ. ಬೆಳಿಗ್ಗೆ ಬೈಂದೂರು ಕಡೆಯಿಂದ ಬರುವ ಬಸ್ಸು ಹಿಡಿದು ಕುಂದಾಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು, ಸಾಸ್ತಾನದ ಟೋಲ್ ಗೇಟಿನಲ್ಲಿ ಒಂದಿಷ್ಟು ಹೊತ್ತು ನಿಂತು ಆಮೇಲೆ ಬ್ರಹ್ಮಾವರ. ಅಪ್ಪ ದೋಣಿಗೆ ಹೋಗುತ್ತಿದ್ದವರು. ಬೆನ್ನು ನೋವು ಹಿಡಿದ ಮೇಲೆ ಮನೆಯಲ್ಲೇ ಕೂತು ಬೇರೆಯವರ ಬಲೆ ಸರಿ ಮಾಡಿಕೊಡುತ್ತಿದ್ದರು. ಅಮ್ಮ ಬಂದರಿನಲ್ಲಿ ಮೀನು ತೆಗೆದುಕೊಂಡು ಮನೆಮನೆಗೆ ಮಾರುವವಳು. ಅವಳ ಗಿರಾಕಿಗಳೆಲ್ಲ ಮಗಳು ಏನು ಓದುತ್ತಿದ್ದಾಳೆ ಎಂದು ಕೇಳುತ್ತಿದ್ದರಂತೆ. ಉತ್ತರ ಕೊಡಲು ಬಾರದೆ ಒಂದು ದಿನ ನನ್ನನ್ನೇ ಹಿಡಿದು ಕೂರಿಸಿದಳು.

"ನೀ ಅಲ್ಲಿ ಎಂತ ಮಾಡೂದ್ ಹೆಣೆ? ಸಮಾ ಹೇಳ್."

"ಯೀಸ್ಟಿಗೆ ಒಂದ್ ಬ್ಯಾಕ್ಟೀರಿಯಾದ್ ಗುಣ ಸೇರ್ಸೂದ್. ಮತ್ತೆ ವಿಷ ಹಾಕಿ, ಬದ್ಕತ್ತಾ ಇಲ್ಯಾ ಅಂದ್ ಕಾಂಬುದ್."

"ವಿಷ ಹಾಕೂದೂ ನೀನೆ, ಬದ್ಕ್ಸೂದೂ ನೀನೆ. ಅದಕ್ ಸಂಬ್ಳ ಬೇರೆ ಕೊಡ್ತ್ರಾ?"

ಅಪ್ಪನಿಗೆ ಹೇಳುವುದು ಸುಲಭವಾಗಿತ್ತು. ಕ್ಯಾಡ್ಮಿಯಂ ಎಂಬ ಲೋಹವೊಂದಿದೆ, ಹಳೇ ಬ್ಯಾಟರಿಗಳಲ್ಲಿ, ಕೆಲವು ಬಣ್ಣಗಳಲ್ಲಿ, ಕಾರ್ಖಾನೆಯ ಕೊಳಕು ನೀರಿನಲ್ಲಿ ಇರುತ್ತದೆ. ಜೀವಕೋಶದೊಳಗೆ ಹೊಕ್ಕರೆ ಅಲ್ಲಿನ ಕೆಲಸವನ್ನೆಲ್ಲ ಕೆಡಿಸಿಹಾಕುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಅದರ ನಡುವೆಯೇ ಬದುಕಲು ಕಲಿತಿವೆ. ಅವುಗಳ ಹೊರಪೊರೆಯಲ್ಲಿ ಒಂದು ಪ್ರೋಟೀನ್ ಕೂತಿರುತ್ತದೆ. ಒಳಗೆ ಬಂದ ಲೋಹವನ್ನು ಹಿಡಿದು ಹೊರಗೆ ತಳ್ಳುವುದೇ ಅದರ ಕೆಲಸ. ದೋಣಿಯಡಿ ತೂತಾದರೆ ಒಬ್ಬ ಕೂತು ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಾನಲ್ಲ, ಹಾಗೆ ಅಂದೆ. ಅಪ್ಪ ಬಲೆಯಿಂದ ಕಣ್ಣು ತೆಗೆಯಲಿಲ್ಲ. "ಹಾಂಗಾರೆ ಆ ಜನವ ಒಂದ್ ದೋಣಿಯಿಂದ ಎಬ್ಸಿ ಇನ್ನೊಂದ್ ದೋಣಿಗೆ ಕೂರ್ಸೂದ್ ನಿನ್ ಕೆಲ್ಸ" ಅಂದರು. ನನ್ನ ಪ್ರಬಂಧದ ಮೊದಲ ಅಧ್ಯಾಯ ಪೂರ್ತಿ ಆ ಒಂದು ಮಾತಿನಲ್ಲಿ ಇತ್ತು.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ, ಆ ಮಾತು ಬೇರೆ. ಬ್ಯಾಕ್ಟೀರಿಯಾದ ಜೀನನ್ನು ಯೀಸ್ಟಿಗೆ ಸೇರಿಸಿದೆ. ಪ್ರೋಟೀನ್ ತಯಾರಾಯಿತು ಕೂಡ. ಆದರೆ ಅದು ಹೊರಪೊರೆಗೆ ಹೋಗುವ ಬದಲು ಕೋಶದೊಳಗಿನ ಯಾವುದೋ ಮೂಲೆಯಲ್ಲೇ ಕೂತುಬಿಟ್ಟಿತು, ಅಲ್ಲೇ ಲೋಹ ತುಂಬಿಸತೊಡಗಿತು. ಯೀಸ್ಟ್ ಮೊದಲಿಗಿಂತ ಬೇಗ ಸತ್ತಿತು. ಮೊಗೆಯುವವನು ನೀರನ್ನು ಹೊರಗೆ ಚೆಲ್ಲದೆ ದೋಣಿಯೊಳಗಿನ ಬುತ್ತಿ ಡಬ್ಬಿಗೇ ಹೊಯ್ಯುತ್ತಿದ್ದಾನೆ ಎಂದು ಅಪ್ಪನಿಗೆ ವರದಿ ಮಾಡಿದೆ. ಒಂದು ವರ್ಷ ಹೀಗೆ ಹೋಯಿತು. ಕೊನೆಗೆ ಪ್ರೋಟೀನಿನ ತುದಿಗೆ ಒಂದು ಸಣ್ಣ ತುಂಡು ಜೋಡಿಸಿದೆ. ಹೊರಪೊರೆಗೆ ಹೋಗು ಎಂದು ಹೇಳುವ ವಿಳಾಸದ ಚೀಟಿ ಎಂದರೂ ಸರಿ. ಅದು ನಡೆಯಿತು.

ಪರೀಕ್ಷೆ ಹೀಗಿತ್ತು. ಯೀಸ್ಟಿನ ಆಹಾರ ಹೊಯ್ದು ಹೆಪ್ಪುಗಟ್ಟಿಸಿದ ಒಂದೇ ಪ್ಲೇಟಿನಲ್ಲಿ ಎರಡು ಬಗೆಯ ಯೀಸ್ಟನ್ನು ಪಕ್ಕಪಕ್ಕದಲ್ಲಿ ಬೊಟ್ಟು ಇಡುವುದು. ಎಡಕ್ಕೆ ಏನೂ ಸೇರಿಸದ ಸಾದಾ ಯೀಸ್ಟ್, ಬಲಕ್ಕೆ ನನ್ನ ಪ್ರೋಟೀನ್ ಇರುವ ಯೀಸ್ಟ್. ಪ್ಲೇಟಿನ ಆಹಾರದಲ್ಲಿ ಅಳತೆ ಮಾಡಿ ಕ್ಯಾಡ್ಮಿಯಂ ಬೆರೆಸಿರುತ್ತದೆ. ಮೂರು ದಿನ ಬಿಟ್ಟು ನೋಡಿದರೆ ಬಲಗಡೆ ಬೆಳ್ಳಗೆ ಬೆಳೆದಿರಬೇಕು, ಎಡಗಡೆ ಖಾಲಿ ಇರಬೇಕು. ಬಲಗಡೆ ಬೆಳೆದರೆ ಮಾತ್ರ ಸಾಲದು. ಎಡಗಡೆಯದು ಸತ್ತಿರಲೇಬೇಕು. ಎರಡೂ ಬದುಕಿದರೆ ನನ್ನ ಪ್ರೋಟೀನಿನಿಂದ ಏನೂ ಆಗಿಲ್ಲ ಎಂದೇ ಅರ್ಥ.

ನಮ್ಮ ಸರ್, ಅಂದರೆ ನನ್ನ ಗೈಡ್, ಬಹಳ ಕಡಿಮೆ ಮಾತಿನವರು. ಕನ್ನಡಕವನ್ನು ಹಣೆಗೇರಿಸಿ, ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ವಾಪಸು ಕೊಡುವುದು, ಅಷ್ಟೆ. ಮೊದಲ ಸಲ ಎಡಗಡೆ ಖಾಲಿ, ಬಲಗಡೆ ಬೆಳ್ಳಗೆ ಬಂದಾಗ ನಾನು ನೆಲದಿಂದ ಒಂದು ಗೇಣು ಮೇಲಿದ್ದೆ. ಸರ್ ನೋಡಿ, "ಮೂರು ಸಲ ಬರಲಿ" ಅಂದರು. ಅದು ಅವರ ಲ್ಯಾಬಿನ ಕಟ್ಟಳೆ. ಪ್ರತಿ ಸಲವೂ ಎಲ್ಲ ಹೊಸದಾಗಿ ಮಾಡಬೇಕು. ಹೊಸ ಆಹಾರ, ಹೊಸ ನೀರು, ಹೊಸದಾಗಿ ಬೆಳೆಸಿದ ಯೀಸ್ಟ್. ಮೂರು ಸಲವೂ ಒಂದೇ ಉತ್ತರ ಬಂದರೆ ಮಾತ್ರ ಅದನ್ನು ಹೊರಗೆ ಹೇಳುವುದು. ಎರಡನೆಯ ಸಲವೂ ಬಂತು. ಮೂರನೆಯದನ್ನು ಮೇ ತಿಂಗಳಿಗೆ ಇಟ್ಟುಕೊಂಡೆ, ಯಾಕೆಂದರೆ ತಿಂಗಳ ಕೊನೆಗೆ ನನ್ನ ಕೆಲಸ ಪರಿಶೀಲಿಸುವ ಸಮಿತಿಯ ಸಭೆ ಇತ್ತು. ಅವರು ಒಪ್ಪಿದರೆ ಬರೆಯಲು ಶುರು ಮಾಡಬಹುದು. ಒಪ್ಪದಿದ್ದರೆ ಎರಡು ವರ್ಷದ್ದನ್ನು ಪೆಟ್ಟಿಗೆಗೆ ಹಾಕಿ ಬೇರೆ ವಿಷಯ ಹಿಡಿಯಬೇಕು.

ಲ್ಯಾಬಿನಲ್ಲಿ ನಮ್ಮಿಬ್ಬರಲ್ಲದೆ ಇದ್ದದ್ದು ಅಕ್ಕ. ಅಟೆಂಡರ್ ಕೆಲಸದವರು, ಐವತ್ತು ದಾಟಿದವರು. ಮೊದಲು ಒಣಮೀನಿನ ವ್ಯಾಪಾರ ಮಾಡುತ್ತಿದ್ದರಂತೆ. ಸಾಸ್ತಾನದಲ್ಲಿ ಕಡಲಿನ ಕಡೆಗೆ ಮನೆ. ಗಾಜಿನ ಸಾಮಾನು ತೊಳೆಯುವುದು, ಒಲೆಯಷ್ಟೇ ಬಿಸಿಯಾದ ಪ್ರೆಷರ್ ಡ್ರಮ್ಮಿನಲ್ಲಿ ಎಲ್ಲವನ್ನೂ ಬೇಯಿಸಿ ಶುದ್ಧ ಮಾಡುವುದು, ನನ್ನ ನೀರಿನ ಕ್ಯಾನ್ ತುಂಬಿಸಿಡುವುದು ಅವರ ಕೆಲಸ. ಮೂಲೆಯಲ್ಲಿ ನೀರು ಕುದಿಸಿ, ಆವಿ ತಣಿಸಿ ಭಟ್ಟಿ ಇಳಿಸುವ ಯಂತ್ರವಿತ್ತು. ಮೇ ತಿಂಗಳಲ್ಲಿ ಕಾಲೇಜಿನ ಬಾವಿ ತಳ ಕಾಣುತ್ತಿತ್ತು, ನಲ್ಲಿಯಲ್ಲಿ ಬರುತ್ತಿದ್ದ ಸ್ವಲ್ಪ ನೀರಿಗೂ ಉಪ್ಪು ಮತ್ತು ಕೆಸರಿನ ವಾಸನೆ. ಯಂತ್ರ ಒಂದು ದಿನ ನಡೆದರೆ ಮೂರು ದಿನ ನಿಲ್ಲುತ್ತಿತ್ತು. ಆದರೂ ನನ್ನ ಕ್ಯಾನ್ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಯಾಕೆ ಖಾಲಿ ಇಲ್ಲ ಎಂದು ನಾನೂ ಕೇಳಲಿಲ್ಲ. ತುಂಬಿದ ಕ್ಯಾನನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಮೂರನೆಯ ಸಲದ ಪ್ಲೇಟುಗಳನ್ನು ತೆಗೆದದ್ದು ಒಂದು ಸೋಮವಾರ ಬೆಳಿಗ್ಗೆ. ಚೀಲವನ್ನೂ ಕೆಳಗಿಡದೆ ಮುಚ್ಚಳ ತೆರೆದೆ. ಬಲಗಡೆ ಬೆಳ್ಳಗೆ ಬೆಳೆದಿತ್ತು. ಎಡಗಡೆಯೂ ಬೆಳ್ಳಗೆ ಬೆಳೆದಿತ್ತು. ಒಂದಲ್ಲ, ಆರು ಪ್ಲೇಟಿನಲ್ಲೂ. ಸಾಯಬೇಕಿದ್ದ ಸಾದಾ ಯೀಸ್ಟ್ ವಿಷದ ನಡುವೆ ಹಬ್ಬದೂಟ ಉಂಡು ಕೂತಿತ್ತು.

ಪ್ಲೇಟುಗಳನ್ನು ತಿರುಗಿಸಿ ನೋಡಿದೆ, ಗುರುತು ಸರಿಯಾಗಿದೆಯಾ ಎಂದು ನೋಡಿದೆ. ಕ್ಯಾಡ್ಮಿಯಂ ಹಾಕಲು ಮರೆತೆನಾ ಎಂದು ಪುಸ್ತಕ ನೋಡಿದೆ. ಹಾಕಿದ್ದು ನನ್ನದೇ ಅಕ್ಷರದಲ್ಲಿ ಇತ್ತು. ಆಮೇಲೆ ನನ್ನ ಸಿಟ್ಟು ಹೋಗಿ ಕೂತದ್ದು ಎದುರಿಗೆ ಇದ್ದವರ ಮೇಲೆ. ಅಕ್ಕ ಸಿಂಕಿನ ಹತ್ತಿರ ಗಾಜಿನ ಕೊಳವೆ ತೊಳೆಯುತ್ತಿದ್ದರು.

"ಅಕ್ಕ, ನೀವ್ ಪ್ಲೇಟ್ ಮುಟ್ಟಿದ್ರ್ಯಾ? ಅದ್ಲುಬದ್ಲ್ ಮಾಡಿದ್ರ್ಯಾ?"

"ನಾ ಎಂತಕ್ಕೆ ಮುಟ್ಟೂದ್?"

"ಮತ್ ಯಾರ್ ಮುಟ್ಟದ್ದ್? ಇಲ್ಲ್ ನಾನ್ ಬಿಟ್ರೆ ನೀವೇ ಅಲ್ದಾ ಇಪ್ಪುದ್?"

ಅಕ್ಕ ನಲ್ಲಿ ಬಂದ್ ಮಾಡಿ, ಕೈ ಒರೆಸಿಕೊಂಡು ಹೊರಗೆ ಹೋದರು. ನಾನು ಹೇಳಿದ ಮಾತಿನಲ್ಲಿ ಅರ್ಥವಿರಲಿಲ್ಲ. ಎರಡೂ ಕಡೆ ಬೆಳೆದ ಮೇಲೆ ಅದಲುಬದಲಾಗಿ ಆಗುವುದಾದರೂ ಏನು? ಇದು ನನಗೆ ಹೊಳೆಯುವ ಹೊತ್ತಿಗೆ ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹೋಗಿ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಸರ್ ಪ್ಲೇಟು ಹಿಡಿದು ಬಹಳ ಹೊತ್ತು ನೋಡಿದರು. "ಆಹಾರ ಸ್ವಲ್ಪ ಹೆಚ್ಚು ಬೇಯಿಸಿದ್ದೀಯಾ? ಚಾ ಬಣ್ಣ ಕಾಣುತ್ತದೆ" ಅಂದರು. ಸಕ್ಕರೆ ಕರಗಿ ಕಂದಿರಬೇಕು ಅಂದೆ. ಮತ್ತೊಮ್ಮೆ ಮಾಡು ಅಂದರು. ಅದೇ ವಾರ ಮತ್ತೊಮ್ಮೆ ಮಾಡಿದೆ, ಬೇಯಿಸುವಾಗ ಗಡಿಯಾರ ಹಿಡಿದು ನಿಂತೆ. ಮೂರು ದಿನ ಬಿಟ್ಟು ನೋಡಿದರೆ ಅದೇ ಚಾ ಬಣ್ಣ, ಅದೇ ಎರಡೂ ಕಡೆ ಬೆಳ್ಳಗೆ. ಸಾದಾ ಯೀಸ್ಟಿಗೆ ನನ್ನ ಯೀಸ್ಟ್ ಬೆರೆತುಹೋಗಿದೆಯೇನೋ ಎಂದು ಅದರ ಡಿಎನ್‌ಎ ತೆಗೆದು ಪರೀಕ್ಷೆ ಮಾಡಿದೆ. ಬ್ಯಾಕ್ಟೀರಿಯಾದ ಜೀನ್ ಅದರಲ್ಲಿ ಇರಲಿಲ್ಲ. ಅದು ಅಪ್ಪಟ ಸಾದಾ ಯೀಸ್ಟೇ. ಹಾಗಾದರೆ ಈ ಮೊದಲು ಎರಡು ಸಲ ಸತ್ತದ್ದು ಯಾಕೆ? ಆಗ ನಾನೇ ಏನೋ ತಪ್ಪು ಮಾಡಿ, ಬೇಕಾದ್ದು ಬಂತೆಂದು ಕುಣಿದೆನಾ?

ಆ ಪ್ರಶ್ನೆಯೇ ನನ್ನನ್ನು ತಿಂದದ್ದು. ಕೆಲಸ ಹೋದರೆ ಹೋಗಲಿ, ಇನ್ನೊಂದು ಹಿಡಿಯಬಹುದು. ಎರಡು ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆನೇ ಎನ್ನುವುದು ಮಾತ್ರ ಗಂಟಲಿನಲ್ಲಿ ಸಿಕ್ಕಿದ ಮುಳ್ಳಿನಂತೆ ಆಯಿತು. ಅನ್ನದ ಉಂಡೆ ನುಂಗಿದರೂ ಇಳಿಯಲಿಲ್ಲ. ಸಭೆಗೆ ಹನ್ನೆರಡು ದಿನ ಉಳಿದಿತ್ತು.

ಅಷ್ಟರಲ್ಲಿ ಅಕ್ಕ ಕೆಲಸಕ್ಕೆ ಬರುವುದು ನಿಲ್ಲಿಸಿದರು. ಒಂದು ದಿನ ನೋಡಿದೆ, ಎರಡನೆಯ ದಿನವೂ ಬರಲಿಲ್ಲ. ಸರ್ ಬೇರೆ ಊರಿನಲ್ಲಿದ್ದರು, ಕೇಳುವಂತಿಲ್ಲ. ನನ್ನ ನಾಲಿಗೆಯಿಂದಲೇ ಆಯಿತು ಎಂದು ಖಾತ್ರಿಯಾಯಿತು. ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಅವಳು ಬೈಯಲಿಲ್ಲ. ಬೆಳಿಗ್ಗೆ ಹೊರಡುವಾಗ ಎಲೆಯಲ್ಲಿ ಸುತ್ತಿದ ಬಂಗುಡೆಯ ಕಟ್ಟೊಂದನ್ನು ಕೈಗೆ ಕೊಟ್ಟು, "ತಪ್ಪಾಯ್ತ್ ಅಂಬುಕೆ ಬರೀ ಕೈಯಗೆ ಹೋಪುದಲ್ಲ" ಅಂದಳು.

ಸಾಸ್ತಾನದಲ್ಲಿ ಇಳಿದು ಕೇಳುತ್ತಾ ಕೇಳುತ್ತಾ ಹೋದೆ. ಅಂಗಳದ ತುಂಬ ಕಪ್ಪು ಕೆಸರು. ಬಾವಿಕಟ್ಟೆಯ ಸುತ್ತ ಹಗ್ಗ, ಬುಟ್ಟಿ, ಏಣಿ. ಕಟ್ಟೆಗೆ ಒರಗಿಸಿಟ್ಟ ಒಂದು ಮಾರುದ್ದದ ಮರದ ಕೊರಡು, ಅದರಿಂದ ಇನ್ನೂ ಕೆಂಚು ನೀರು ಇಳಿಯುತ್ತಿತ್ತು. ಅಕ್ಕ ಸೀರೆ ಎತ್ತಿಕಟ್ಟಿ ಬುಟ್ಟಿ ತೊಳೆಯುತ್ತಿದ್ದರು.

"ಹ್ವಾಯ್, ಯಾರದ್? ನೀನಾ ಹೆಣೆ? ಬಾ, ಬಾ. ಕೆಸ್ರಿತ್ತ್, ಕಂಡ್ಕಂಡ್ ಬಾ."

ಜಗಲಿಯಲ್ಲಿ ಕೂರುವ ಮೊದಲೇ ಕೇಳಿದೆ. "ಅಕ್ಕ, ಬೇಜಾರ್ ಮಾಡ್ಕಂಡ್ರ್ಯಾ? ಅದಕ್ಕೇ ಬರ್ಲಿಲ್ಯಾ?"

"ಎಂತದ್ ಬೇಜಾರ್? ಬಾವಿ ಕೆಸ್ರ್ ತೆಗೂಕಿತ್ತ್. ಹಾಲಾಡಿಂದ ತಮ್ಮ ಬಂದಿದ್ದ. ಸರ್‌ಗೆ ಹೇಳೇ ರಜಿ ಹಾಕದ್ದ್." ಆಮೇಲೆ ನನ್ನ ಮುಖ ನೋಡಿ ನಕ್ಕರು. "ನಿನ್ ಮಾತಿಗೆಲ್ಲ ರಜಿ ಹಾಕ್ತಾ ಕೂಕಂಡ್ರೆ ನಾ ವರ್ಷಪೂರ್ತಿ ಮನೆಯಗೇ ಇರ್ಕ್."

ನನಗೆ ಅರ್ಧ ಜೀವ ಬಂತು. ತಪ್ಪಾಯಿತು ಅಂದೆ. ಅವರು ಅದಕ್ಕೆ ಗಮನವನ್ನೇ ಕೊಡದೆ ಒಳಗೆ ಹೋಗಿ ಬಂಗುಡೆ ಇಟ್ಟು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು ತಂದರು. ಬಿಸಿಲಿನಲ್ಲಿ ನಡೆದು ಬಂದವಳು ಗಟಗಟ ಕುಡಿದೆ.

"ನೀರ್ ಹ್ಯಾಂಗಿತ್ತ್?"

"ಸೀ ಇತ್ತ್ ಅಕ್ಕ."

ಅವರಿಗೆ ಬೇಕಿದ್ದದ್ದು ಅದೇ ಉತ್ತರ. "ಈ ಕೇರಿಯಗೆ ಮೇ ತಿಂಗ್ಳಗೆ ಯಾರ್ ಬಾವಿ ನೀರೂ ಬಾಯಿಗ್ ಹಾಕುಕಾತಿಲ್ಲೆ, ಬರೀ ಉಪ್ಪ್. ನಮ್ದ್ ಮಾತ್ರ ಹೀಂಗೆ. ಆ ಕೊರ್ಡ್ ಕಾಣ್, ನೆಲ್ಲಿ ಮರದ್ದ್. ತಮ್ಮ ಹಾಲಾಡಿಂದ ತಂದ್ ಕೊಟ್ಟದ್ದ್. ಯುಗಾದಿ ಹೊತ್ತಿಗೆ ಹೊಸ್ತ್ ಹಾಕಿದ್ದೆ. ನಮ್ಮಬ್ಬಿ ಕಾಲದಿಂದ್ಲೂ ಹಾಂಗೇ. ನೆಲ್ಲಿ ಕೊರ್ಡ್ ಬಿದ್ರೆ ಎಂಥ ಕೆಟ್ ನೀರೂ ಸಮಾ ಆತ್ತ್."

ಬಾವಿಗೆ ನೆಲ್ಲಿಯ ಕೊರಡು ಹಾಕುವುದು ನನಗೂ ಗೊತ್ತಿದ್ದದ್ದೇ. ನಮ್ಮ ಅಜ್ಜಿಮನೆಯಲ್ಲೂ ಹಾಕುತ್ತಿದ್ದರು. ಹೌದು ಹೌದು ಎಂದು ತಲೆಯಾಡಿಸಿ ಇನ್ನೊಂದು ಗುಟುಕು ಬಾಯಿಗೆ ಹಾಕಿದ್ದೆ.

"ಅದಕ್ಕೇ ಅಲ್ದಾ ನಿನ್ ಕ್ಯಾನಿಗೂ ಇದೇ ನೀರ್ ತಂದ್ ಹಾಕದ್ದ್" ಅಂದರು ಅಕ್ಕ.

ನುಂಗಿದ ನೀರು ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಕೇಳಿದೆ, "ಯಾವ್ ಕ್ಯಾನಿಗೆ?"

"ನಿನ್ ಹೆಸ್ರ್ ಬರ್ದದ್ದ್, ಮೂಲಿಯಗಿಪ್ಪುದ್. ಮಿಷನ್ ನಿಂತ್ ನಾಕ್ ದಿನ ಆಗಿತ್ತ್. ಆ ನಲ್ಲಿ ನೀರ್ ಮೂಗಿಗ್ ಹಿಡುಕಾತಿಲ್ಲೆ. ಕ್ಯಾನ್ ಖಾಲಿ ಕಂಡ್ರೆ ನಿಂಗ್ ಸಿಟ್ ಬತ್ತ್. ಹ್ಯಾಂಗೂ ಹಾಕೂದ್ ಅಲ್ದಾ, ಒಳ್ಳೆ ನೀರೇ ಇರ್ಲಿ ಅಂದ್ ಬಸ್ಸಗೆ ಹೊತ್ಕಂಡ್ ಬಂದೆ. ಎರಡ್ ಸರ್ತಿ ತಂದಿದ್ದೆ."

ನನಗೆ ನಗು ಬಂತು. ನಗುತ್ತಾ ಇದ್ದಂತೆ ಅಳುವೂ ಬಂತು. ಎರಡೂ ಒಟ್ಟಿಗೆ ಬಂದಾಗ ಮುಖ ಹೇಗಿತ್ತೋ ಏನೋ, ಅಕ್ಕ ಗಾಬರಿಯಾಗಿ ನನ್ನ ಬೆನ್ನು ಹಿಡಿದುಕೊಂಡರು.

"ಎಂತಾಯ್ತೇ? ನಾ ಎಂತಾರೂ ತಪ್ಪ್ ಮಾಡ್ದ್ನ್ಯಾ?"

"ಇಲ್ಲೆ ಅಕ್ಕ. ನಾ ಬದ್ಕಿದೆ."

ನೆಲ್ಲಿಕಾಯಿ ತಿಂದವರಿಗೆಲ್ಲ ಅದರ ಒಗರು ಗೊತ್ತು. ಆ ಒಗರು ಮರದಲ್ಲೂ ಇರುತ್ತದೆ, ನೀರಿಗೆ ಇಳಿಯುತ್ತದೆ, ನೀರಿನಲ್ಲಿ ಲೋಹ ಇದ್ದರೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕು ಪಡೆದವಳು. ಎರಡು ತಿಂಗಳ ಹಿಂದೆ ಹಾಕಿದ ಹೊಸ ಕೊರಡು, ಬೇಸಗೆಯಲ್ಲಿ ತಳ ಮುಟ್ಟಿದ ಬಾವಿ. ಆ ಸ್ವಲ್ಪ ನೀರಿಗೆ ಒಗರು ಚೆನ್ನಾಗಿಯೇ ಇಳಿದಿತ್ತು. ಹಾಗಾದರೆ ನಾನು ಅಳೆದು ಹಾಕಿದ ಕ್ಯಾಡ್ಮಿಯಂ ಪ್ಲೇಟಿನಲ್ಲೇನೋ ಇತ್ತು, ಆದರೆ ಒಗರಿನ ಕೈಯಲ್ಲಿ ಸಿಕ್ಕಿಕೊಂಡು ಯೀಸ್ಟಿನೊಳಗೆ ಹೋಗುತ್ತಲೇ ಇರಲಿಲ್ಲ. ಚಾ ಬಣ್ಣ ಸಕ್ಕರೆಯದ್ದಲ್ಲ, ನೆಲ್ಲಿಯದ್ದು. ಮೊದಲಿನ ಎರಡು ಸಲ ಕ್ಯಾನಿನಲ್ಲಿ ಭಟ್ಟಿ ಇಳಿಸಿದ ನೀರೇ ಇತ್ತು.

ಸರ್ ಮರುದಿನ ಬಂದರು. ಅವರ ಮುಂದೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಅಂದರು, "ಕಥೆ ಚೆಂದ ಇದೆ. ಆದರೆ ಕಥೆಯನ್ನು ಸಮಿತಿಗೆ ಹೇಳುವಂತಿಲ್ಲ. ಪ್ಲೇಟು ಹೇಳಲಿ."

"ಅಕ್ಕನಿಗೆ ಏನು ಹೇಳಲಿ ಸರ್?"

"ಆ ಕ್ಯಾನಿಗೆ ಎಂಥ ನೀರು ಬೇಕು, ಯಾಕೆ ಬೇಕು ಎಂದು ಇಷ್ಟು ವರ್ಷದಲ್ಲಿ ನಾವು ಅವರಿಗೆ ಒಂದು ಸಲವಾದರೂ ಹೇಳಿದ್ದೇವಾ? ನಾನು ಹೇಳಿಲ್ಲ. ನೀನು ಹೇಳಿದ್ದೀಯಾ?"

ನಾನೂ ಹೇಳಿರಲಿಲ್ಲ.

ನಮ್ಮ ಯಂತ್ರ ಇನ್ನೂ ನಿಂತೇ ಇತ್ತು. ಕುಂದಾಪುರದ ಇನ್ನೊಂದು ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು ಪಾಠ ಮಾಡುತ್ತಿದ್ದಳು. ಅವಳ ಲ್ಯಾಬಿನಿಂದ ಒಂದು ಕ್ಯಾನ್ ಭಟ್ಟಿ ಇಳಿಸಿದ ನೀರು ತುಂಬಿಸಿಕೊಂಡೆ. ಬಸ್ಸಿನಲ್ಲಿ ಅದನ್ನು ಕಾಲಿನ ಹತ್ತಿರ ಇಡಲು ಮನಸ್ಸು ಬರದೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಮೂಗು ಹಿಂಡಿಕೊಂಡು ಬಗ್ಗಿ ನೋಡಿದ. "ಎಂತ ಅದ್, ಮೀನ್ ನೀರಾ? ಚೆಲ್ಲತ್ತಾ?"

"ಬರೀ ನೀರ್ ಮಾರಾಯ್ರೆ."

"ಬ್ರಹ್ಮಾವರದಗೆ ನೀರಿಲ್ಯಾ?"

"ಇಂಥ ನೀರಿಲ್ಲೆ."

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಸಾಸ್ತಾನದ ಟೋಲಿನಲ್ಲಿ ಬಸ್ಸು ನಿಂತಾಗ ನಾನು ಮುಚ್ಚಳ ಬಿಗಿಯಾಗಿದೆಯಾ ಎಂದು ನಾಲ್ಕು ಸಲ ನೋಡಿದೆ.

ಈ ಸಲ ಎರಡು ಬಗೆಯ ಪ್ಲೇಟು ಮಾಡಿದೆ. ಒಂದು ಸಾಲು ಕುಂದಾಪುರದಿಂದ ತಂದ ನೀರಿನಲ್ಲಿ, ಇನ್ನೊಂದು ಸಾಲು ಕ್ಯಾನಿನಲ್ಲಿ ಉಳಿದಿದ್ದ ಅಕ್ಕನ ಬಾವಿಯ ನೀರಿನಲ್ಲಿ. ಉಳಿದದ್ದೆಲ್ಲ ಒಂದೇ, ಕ್ಯಾಡ್ಮಿಯಂನ ಅಳತೆಯೂ ಒಂದೇ. ಆಹಾರವನ್ನು ಡ್ರಮ್ಮಿನಿಂದ ತೆಗೆದು ಪ್ಲೇಟಿಗೆ ಹೊಯ್ದಾಗಲೇ ಒಂದು ಸಾಲು ತಿಳಿಯಾಗಿತ್ತು, ಇನ್ನೊಂದು ಸಾಲು ಚಾ ಬಣ್ಣಕ್ಕಿತ್ತು. ಆ ಬಣ್ಣ ನೋಡಿಯೇ ನನಗೆ ಅರ್ಧ ಧೈರ್ಯ ಬಂದಿತ್ತು. ಉಳಿದ ಅರ್ಧಕ್ಕೆ ಮೂರು ದಿನ ಕಾಯಬೇಕಿತ್ತು. ಊಹೆ ತಪ್ಪಾಗಿದ್ದರೆ ಮತ್ತೆ ಮಾಡಲು ದಿನ ಉಳಿಯುತ್ತಿರಲಿಲ್ಲ. ಆ ಮೂರು ದಿನ ಅಮ್ಮ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾತ್ರ ಬುತ್ತಿ ಕೊಡುತ್ತಾ, "ಸಾಯತ್ತ್, ಹೋಯ್ ಬಾ" ಅಂದಳು. ಅಷ್ಟು ಸಮಾಧಾನದ ಮಾತನ್ನು ನಾನು ಅವಳ ಬಾಯಿಂದ ಕೇಳಿದ್ದು ಕಡಿಮೆ.

ನಾನೇ ಮೊದಲು ನೋಡಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಸರ್ ಬಂದ ಮೇಲೆ ಪೆಟ್ಟಿಗೆ ತೆರೆದು, ತಿಳಿ ಬಣ್ಣದ ಪ್ಲೇಟೊಂದನ್ನು ಮುಚ್ಚಳ ಸಮೇತ ಅವರ ಕೈಗೆ ಕೊಟ್ಟು ನೆಲ ನೋಡುತ್ತಾ ನಿಂತೆ. ಅವರು ಕಿಟಕಿಯ ಹತ್ತಿರ ಹೋದದ್ದು ಗೊತ್ತಾಯಿತು. ಕನ್ನಡಕ ಹಣೆಗೇರಿಸಿದ್ದೂ ಗೊತ್ತಾಯಿತು.

"ಎಡಗಡೆ ಏನೂ ಇಲ್ಲ" ಅಂದರು.

ಓಡಿಹೋಗಿ ನೋಡಿದೆ. ಎಡಗಡೆ ಏನೂ ಇರಲಿಲ್ಲ. 'ಏನೂ ಇಲ್ಲ' ಎನ್ನುವುದು ಅಷ್ಟು ಚೆಂದ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಾದಾ ಯೀಸ್ಟ್ ಸತ್ತಿತ್ತು; ಆರು ಪ್ಲೇಟಿನಲ್ಲೂ ಸತ್ತಿತ್ತು. ಬಲಗಡೆ ನನ್ನ ಯೀಸ್ಟ್, ಒಂದೇ ಸಮನೆ ನೀರು ಮೊಗೆಯುವವನನ್ನು ಕೂರಿಸಿಕೊಂಡದ್ದು, ಬೆಳ್ಳಗೆ ಗುಂಡಗೆ ಬೆಳೆದಿತ್ತು. ಎರಡು ವರ್ಷದ್ದು ಸುಳ್ಳಾಗಿರಲಿಲ್ಲ. ನಾನು ಸುಳ್ಳಾಗಿರಲಿಲ್ಲ. ಎದೆಯ ಮೇಲಿಂದ ಕಲ್ಲು ಎತ್ತಿದ ಹಾಗಾಯಿತು, ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಮೂರನೆಯ ಸಲ" ಅಂದರು ಸರ್. ಆಮೇಲೆ ಚಾ ಬಣ್ಣದ ಪ್ಲೇಟುಗಳನ್ನು ನೋಡಿದರು. ಅಲ್ಲಿ ಎರಡೂ ಕಡೆ ಬೆಳೆದಿತ್ತು. "ಇದನ್ನೂ ಬರೆ. ನೀರು ಎಲ್ಲಿಂದ ಬಂತು ಎನ್ನುವುದನ್ನೂ ಬರೆ."

ಅಕ್ಕ ಅಷ್ಟು ಹೊತ್ತಿಗೆ ಬಂದರು. ಈ ಸಲ ನಾನು ಅವರನ್ನು ಕೂರಿಸಿ, ಪ್ಲೇಟು ಮುಂದಿಟ್ಟು, ಮೊದಲಿನಿಂದ ಎಲ್ಲ ಹೇಳಿದೆ. ಯೀಸ್ಟ್ ಎಂದರೇನು, ವಿಷ ಯಾವುದು, ಭಟ್ಟಿ ಇಳಿಸಿದ ನೀರು ಯಾಕೆ ಬೇಕು. ಅವರು ಎಲ್ಲ ಕೇಳಿಸಿಕೊಂಡು, ಎರಡು ಪ್ಲೇಟನ್ನೂ ಸರ್ ಹಿಡಿಯುವ ಹಾಗೆಯೇ ಬೆಳಕಿಗೆ ಹಿಡಿದು ನೋಡಿದರು.

"ನಿನ್ ನೀರಗೆ ಒಂದ್ ಸತ್ತಿತ್ತ್" ಅಂದರು. "ನಮ್ಮನಿ ನೀರಗೆ ಎರಡೂ ಬದ್ಕಿತ್ತ್. ಅಲ್ದಾ?"

"ಹೌದ್ ಅಕ್ಕ."

"ಯೀಸ್ಟ್ ಬದ್ಕ್ಕ್ ಅಂದೇ ಅಲ್ದಾ ನೀ ಎರಡ್ ವರ್ಷ ಒದ್ದಾಡದ್ದ್?"

ಸರ್ ಬೇರೆ ಕಡೆ ತಿರುಗಿ ಕೆಮ್ಮಿದರು. ನೆಲ್ಲಿ ಕೊರಡನ್ನು ಎಲ್ಲ ಕಡೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಯೀಸ್ಟ್ ತಾನಾಗಿಯೇ ತಡೆದುಕೊಳ್ಳುವುದು ಕಲಿಯಬೇಕು, ಕಲಿತಿದೆ ಎಂದು ಗೊತ್ತಾಗಬೇಕಾದರೆ ಕಲಿಯದ್ದು ಸಾಯಬೇಕು ಎಂದೆಲ್ಲ ವಿವರಿಸಿದೆ. ಅಕ್ಕ ತಲೆಯಾಡಿಸಿದರು. ಒಪ್ಪಿದರೋ, ಪಾಪ ಹುಡುಗಿ ಎಂದು ಬಿಟ್ಟರೋ ಗೊತ್ತಾಗಲಿಲ್ಲ. ಅವತ್ತೇ ಕ್ಯಾನಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದೆವು. ಬರೆದದ್ದು ನಾನು, ಏನು ಬರೆಯಬೇಕೆಂದು ಹೇಳಿದ್ದು ಅಕ್ಕ: ಮಿಷನ್ ನೀರು ಮಾತ್ರ, ಬೇರೆ ಎಷ್ಟು ಒಳ್ಳೆಯ ನೀರಾದರೂ ಬೇಡ.

ಸಭೆಯ ದಿನ ನಾನು ಬೇಗ ಬಂದಿದ್ದೆ. ಹೊರಗೆ ಬಿಸಿಲು ಬೆಂಕಿಯ ಹಾಗಿತ್ತು, ಒಳಗೆ ನನ್ನ ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ಬಾಗಿಲ ಹೊರಗೆ ಕಾಗದಗಳನ್ನು ಜೋಡಿಸುತ್ತಾ ನಿಂತಿದ್ದಾಗ ಅಕ್ಕ ಬಸ್ಸಿನಿಂದ ಇಳಿದವರು ನೇರ ನನ್ನ ಹತ್ತಿರ ಬಂದರು. ಚೀಲದಿಂದ ಒದ್ದೆ ಬಟ್ಟೆ ಸುತ್ತಿದ ಒಂದು ಬಾಟಲಿ ತೆಗೆದರು. ನಾನು ನೋಡಿದೆ. ಅದೇ ನಸು ಚಾ ಬಣ್ಣ.

"ಅಕ್ಕ, ಮತ್ತೆ ತಂದ್ರ್ಯಾ?"

"ಇದ್ ನಿನ್ ಯೀಸ್ಟಿಗಲ್ಲ" ಅಂದರು. "ನಿಂಗ್. ಕುಡ್ದ್ ಒಳ್ಗ್ ಹೋಗ್."

ಅಲ್ಲೇ ನಿಂತು ಪೂರ್ತಿ ಕುಡಿದೆ. ಒಳಗೆ ಹೋಗಿ ಮಾತಾಡುವಾಗ ಗಂಟಲು ಎಲ್ಲಿಯೂ ಕೈಕೊಡಲಿಲ್ಲ. ಸಮಿತಿಯವರು ಒಪ್ಪಿದರು. ಹೊರಗೆ ಬಂದಾಗ ಅಕ್ಕ ಸಿಂಕಿನ ಹತ್ತಿರ ಆ ಬಾಟಲಿಯನ್ನು ತೊಳೆದು, ನಾಳೆಗೆ ಎಂದು ಬೋರಲು ಹಾಕುತ್ತಿದ್ದರು.